ಕಣ್ಣು ಬಿಟ್ಟರೆ ಅಡಗುವ ಅಲೆ

ಇಇಜಿ ಪರೀಕ್ಷೆಗೆ ಬರುವವರಿಗೆ ಕೊಡುವ ಮೊದಲ ಸೂಚನೆ ಯಂತ್ರದ್ದಲ್ಲ, ತಲೆಗೂದಲಿನದು. ಹಿಂದಿನ ದಿನ ಶಾಂಪೂ ಹಾಕಿ ತಲೆ ತೊಳೆದುಕೊಳ್ಳಬೇಕು, ಆಮೇಲೆ ಎಣ್ಣೆ ಮುಟ್ಟಿಸಬಾರದು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮನೆಗಳಲ್ಲಿ ಇದು ಅಷ್ಟು ಸುಲಭವಾಗಿ ನಡೆಯುವ ಮಾತಲ್ಲ. ಮಗುವನ್ನು ಊರಾಚೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವಾಗ ಕೊಬ್ಬರಿ ಎಣ್ಣೆಯೋ ಹರಳೆಣ್ಣೆಯೋ ಹಚ್ಚಿ, ಬಿಗಿಯಾಗಿ ಜಡೆ ಹೆಣೆದು, ಹೂ ಮುಡಿಸಿ ಕಳಿಸುವುದೇ ವಾಡಿಕೆ. ಹಾಗೆ ಬಂದವರ ಜಡೆ ಬಿಚ್ಚಿ, ಎಣ್ಣೆ ಒರೆಸಿ, ಕೂದಲನ್ನು ಎಳೆಎಳೆಯಾಗಿ ಸರಿಸುವುದರಲ್ಲೇ ಇಇಜಿ ತಂತ್ರಜ್ಞರ ಕೆಲಸದ ಮೊದಲ ಭಾಗ ಕಳೆಯುತ್ತದೆ.

ಈ ಸೀಮೆಯಲ್ಲಿ ತಲೆಸ್ನಾನದ ಸೂಚನೆಯನ್ನೂ ಎಚ್ಚರದಿಂದಲೇ ಕೊಡಬೇಕು. ಹಂಡೆಯ ಸುಡುನೀರನ್ನು ತಂಬಿಗೆಯಲ್ಲಿ ಮೊಗೆದು ನೆತ್ತಿಯ ಮೇಲೆ ಒಂದೇ ಸಮನೆ ಸುರಿದುಕೊಂಡಾಗ ಮಾತ್ರ ಬರುವ ಒಂದು ಬಗೆಯ ಮೂರ್ಛೆ ಇದೆ. ಜನ ‘ಬಿಸಿನೀರು ಫಿಟ್ಸ್’ ಎನ್ನುತ್ತಾರೆ, ವೈದ್ಯರು ಬಿಸಿನೀರಿನ ಅಪಸ್ಮಾರ ಎನ್ನುತ್ತಾರೆ. ಬೇರೆ ಕಡೆ ಅಪರೂಪವಾದ ಈ ತೊಂದರೆ ದಕ್ಷಿಣ ಕರ್ನಾಟಕದಲ್ಲಿ ಎಷ್ಟು ಸಾಮಾನ್ಯವೆಂದರೆ, 1988ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳ ವಿವರವನ್ನು ಒಂದೇ ಪ್ರಬಂಧದಲ್ಲಿ ಪ್ರಕಟಿಸಿದರು. ಡಾ. ಕೆ. ಎಸ್. ಮಣಿಯವರ ತಂಡ ಮಳವಳ್ಳಿಗೆ ದೂರವಲ್ಲದ ಯಳಂದೂರು ತಾಲ್ಲೂಕಿನಲ್ಲಿ ಮನೆಮನೆ ತಿರುಗಿ ಅಪಸ್ಮಾರದ ಸಮೀಕ್ಷೆ ಮಾಡಿದಾಗಲೂ ಇದು ಎದ್ದು ಕಂಡಿತು. ಆದ್ದರಿಂದ ಇಲ್ಲಿ ‘ತಲೆಗೆ ಸ್ನಾನ ಮಾಡಿಕೊಂಡು ಬನ್ನಿ’ ಎಂದರೆ ಸಾಲದು. ಉಗುರುಬೆಚ್ಚಗಿನ ನೀರು, ನಿಧಾನವಾಗಿ, ಜೊತೆಯಲ್ಲಿ ಒಬ್ಬರು ಇರಲಿ ಎಂದೂ ಸೇರಿಸಬೇಕಾಗುತ್ತದೆ.

ಪರೀಕ್ಷೆಯ ಹೆಸರು ಎಲೆಕ್ಟ್ರೋಎನ್ಸೆಫಲೋಗ್ರಾಂ. ಉದ್ದದ ಹೆಸರನ್ನು ಯಾರೂ ಬಳಸುವುದಿಲ್ಲ, ಎಲ್ಲರ ಬಾಯಲ್ಲೂ ಇಇಜಿ. ಮಿದುಳಿನ ಜೀವಕೋಶಗಳು ಕೆಲಸ ಮಾಡುವಾಗ ಹುಟ್ಟುವ ವಿದ್ಯುತ್ತನ್ನು ತಲೆಯ ಚರ್ಮದ ಮೇಲಿನಿಂದಲೇ ಹಿಡಿದು ಗೆರೆಗಳಾಗಿ ಬರೆಯುವ ವಿಧಾನ ಇದು. ಜಿಲ್ಲೆಯೊಳಗೆ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ, ನಾಗಮಂಗಲದ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿಯ ವೈದ್ಯಕೀಯ ಕಾಲೇಜು ಇದೆ. ನಿಮ್ಹಾನ್ಸ್ ತನ್ನ ವೈದ್ಯರನ್ನು ಊರಾಚೆ ಕಳಿಸಿ ನಡೆಸುವ ಚಿಕಿತ್ಸಾಲಯಗಳ ಪಟ್ಟಿಯಲ್ಲಿ ಕನಕಪುರ, ಗೌರಿಬಿದನೂರು, ಮಧುಗಿರಿಗಳ ಜೊತೆ ಮದ್ದೂರಿನ ಹೆಸರೂ ಇದೆ. ಹೆಚ್ಚಿನ ತಪಾಸಣೆಗೆ ಬೆಂಗಳೂರಿಗೆ ಹೊರಡುವ ಮಳವಳ್ಳಿಯವರಿಗೆ ರೈಲಿಲ್ಲ. ಬಸ್ಸಿನಲ್ಲಿ ಹೋಗಬೇಕು, ಇಲ್ಲವೇ ಮದ್ದೂರಿಗೋ ಮಂಡ್ಯಕ್ಕೋ ಬಂದು ರೈಲು ಹಿಡಿಯಬೇಕು. ಎಲ್ಲಿಂದ ಬಂದವರಾದರೂ ಕುರ್ಚಿಯಲ್ಲಿ ಕೂತು ತಂತಿಗಳ ಗೊಂಚಲನ್ನು ನೋಡಿದಾಗ ಕೇಳುವ ಪ್ರಶ್ನೆ ಒಂದೇ: “ಕರೆಂಟ್ ಕೊಡ್ತೀರಾ?”

ಕೊಡುವುದಿಲ್ಲ. ತಲೆಯೊಳಗಿಂದ ಬರುವುದನ್ನು ಕೇಳಿಸಿಕೊಳ್ಳುವುದಷ್ಟೇ ಯಂತ್ರದ ಕೆಲಸ. ಅದು ಎಷ್ಟು ಕ್ಷೀಣ ಎಂಬುದನ್ನು ತಿಳಿಯಲು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರಕ್ಕೇ ಹೋಗಬಹುದು. 1902ರಲ್ಲಿ ಅಲ್ಲಿಂದ ಹತ್ತಾರು ಸಾವಿರ ವೋಲ್ಟ್‌ಗಳ ತಂತಿ ಕೋಲಾರದ ಚಿನ್ನದ ಗಣಿಯವರೆಗೆ ಓಡಿತು. ಮನೆಯ ಪ್ಲಗ್ಗಿನಲ್ಲಿ ಈಗ 230 ವೋಲ್ಟ್. ಗೋಡೆ ಗಡಿಯಾರದ ಸೆಲ್ಲಿನಲ್ಲಿ ಒಂದೂವರೆ. ನೆತ್ತಿಯ ಚರ್ಮದ ಮೇಲೆ ಸಿಗುವ, ಆಲ್ಫಾ ಎಂಬ ಹೆಸರಿನ ಮಿದುಳಿನ ಅಲೆಯ ಎತ್ತರ ಸಾಮಾನ್ಯವಾಗಿ 20ರಿಂದ 50 ಮೈಕ್ರೋವೋಲ್ಟ್, ಅಂದರೆ ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ 20ರಿಂದ 50 ಪಾಲು. 30 ಮೈಕ್ರೋವೋಲ್ಟಿನ ಅಲೆ ಆ ಗಡಿಯಾರದ ಸೆಲ್ಲಿಗಿಂತ ಐವತ್ತು ಸಾವಿರ ಪಟ್ಟು ದುರ್ಬಲ. ಹೃದಯದ ಇಸಿಜಿ ಕೂಡ ಇದಕ್ಕಿಂತ ಹತ್ತಾರು ಪಟ್ಟು ದೊಡ್ಡದು. ಇಷ್ಟು ಸಣ್ಣದನ್ನು, ಸುತ್ತ ಫ್ಯಾನು, ಟ್ಯೂಬ್‌ಲೈಟು, ಲಿಫ್ಟು ಎಲ್ಲ ಇರುವ ಕಟ್ಟಡದೊಳಗೆ ಹೆಕ್ಕಿ ತೆಗೆಯಬೇಕು.

ಮನುಷ್ಯನ ತಲೆಯಿಂದ ಇದನ್ನು ಮೊದಲು ಹೆಕ್ಕಿದವರು ಜರ್ಮನಿಯ ಯೇನಾ ಊರಿನ ಮನೋವೈದ್ಯ ಹಾನ್ಸ್ ಬರ್ಗರ್. 1924ರಲ್ಲಿ ಮೊದಲ ಗೆರೆ ಸಿಕ್ಕಿತು. ತಾವು ಕಂಡದ್ದು ನಿಜವಾಗಿ ಮಿದುಳಿನದೇ ಎಂದು ಖಾತ್ರಿಯಾಗುವವರೆಗೆ ಅವರು ಪ್ರಕಟಿಸಲಿಲ್ಲ. 1929ರವರೆಗೆ ಕಾದರು. ಮಗ ಕ್ಲೌಸ್‌ನ ತಲೆಯ ಮೇಲೆ ಮತ್ತೆ ಮತ್ತೆ ದಾಖಲಿಸಿದರು. ಮೊದಲು ಕಣ್ಣಿಗೆ ಬಿದ್ದ ದೊಡ್ಡ, ಸಮಗತಿಯ ಅಲೆಗೆ ಗ್ರೀಕ್ ಅಕ್ಷರಮಾಲೆಯ ಮೊದಲ ಅಕ್ಷರವನ್ನೇ ಇಟ್ಟು ಆಲ್ಫಾ ಎಂದರು. ಕಣ್ಣು ಮುಚ್ಚಿದಾಗ ಏಳುವ ಈ ಅಲೆ ಕಣ್ಣು ಬಿಟ್ಟೊಡನೆ ಅಡಗುತ್ತದೆ ಎಂದೂ ಅವರೇ ಗುರುತಿಸಿದರು. ಬಹಳ ಜನ ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ತಮ್ಮ ತಲೆಗಳ ಮೇಲೇ ಪರೀಕ್ಷಿಸಿ ಹೌದೆಂದರು. ಏಡ್ರಿಯನ್ ತಲೆಯಲ್ಲಿ ಆಲ್ಫಾ ಸೊಗಸಾಗಿ ಕಾಣುತ್ತಿತ್ತು, ಮ್ಯಾಥ್ಯೂಸ್ ತಲೆಯಲ್ಲಿ ಅಷ್ಟಾಗಿ ಇರಲಿಲ್ಲ. ಇಬ್ಬರೂ ಆರೋಗ್ಯವಂತರೇ. ಕೆಲವರ ಮಿದುಳು ಹುಟ್ಟಿನಿಂದಲೇ ಹಾಗೆ. ಆಲ್ಫಾ ಕಡಿಮೆ ಎಂಬುದೊಂದೇ ಕಾಯಿಲೆಯ ಗುರುತಲ್ಲ.

ಇನ್ನು ಕೈಕೆಲಸ. ತಂತ್ರಜ್ಞರ ಮೊದಲ ಸಲಕರಣೆ ಟೈಲರ್ ಅಂಗಡಿಯಲ್ಲಿರುವಂಥ ಅಳತೆಪಟ್ಟಿ, ಎರಡನೆಯದು ಚರ್ಮದ ಮೇಲೆ ಗುರುತು ಹಾಕುವ ಮೆದು ಪೆನ್ಸಿಲ್. ಎಲ್ಲರ ತಲೆಯೂ ಒಂದೇ ಗಾತ್ರ, ಒಂದೇ ಆಕಾರ ಇರುವುದಿಲ್ಲವಲ್ಲ. ಮೂರು ವರ್ಷದ ಮಗುವಿನ ತಲೆಯಲ್ಲೂ ಎಪ್ಪತ್ತರ ಅಜ್ಜನ ತಲೆಯಲ್ಲೂ ಮಿದುಳಿನ ಒಂದೇ ಜಾಗದ ಮೇಲೆ ಎಲೆಕ್ಟ್ರೋಡ್ ಕೂರಬೇಕು. ಅದಕ್ಕಾಗಿ ಮಾಂಟ್ರಿಯಲ್‌ನ ಹರ್ಬರ್ಟ್ ಜಾಸ್ಪರ್ 1958ರಲ್ಲಿ ಒಂದು ಕ್ರಮವನ್ನು ಮುಂದಿಟ್ಟರು. ಸೆಂಟಿಮೀಟರ್ ಲೆಕ್ಕ ಬೇಡ, ಶೇಕಡಾ ಲೆಕ್ಕ ಇರಲಿ ಎಂಬುದು ಅದರ ತಿರುಳು. ಶೇ. 10, ಶೇ. 20ರ ಹೆಜ್ಜೆಗಳಲ್ಲಿ ಅಳೆಯುವುದರಿಂದ ಅದಕ್ಕೆ ‘ಹತ್ತು-ಇಪ್ಪತ್ತು’ ಪದ್ಧತಿ ಎಂಬ ಹೆಸರು ನಿಂತಿತು. ಇವತ್ತಿಗೂ ಲೋಕದ ಇಇಜಿ ಕೋಣೆಗಳೆಲ್ಲ ಇದರಂತೆಯೇ ನಡೆಯುತ್ತವೆ.

ಮೂಗು ಹಣೆಯನ್ನು ಕೂಡುವಲ್ಲಿ ಒಂದು ತಗ್ಗು ಇದೆ. ಅದು ನೇಸಿಯನ್. ಹಿಂದಲೆಯ ಕೆಳಗೆ, ಕತ್ತು ಶುರುವಾಗುವ ಮುಂಚೆ, ಬೆರಳಿಗೆ ಸಿಗುವ ಎಲುಬಿನ ಉಬ್ಬು ಇನಿಯನ್. ಕೆಲವರಲ್ಲಿ ಅದು ಗೋಲಿಯಷ್ಟು ಸ್ಪಷ್ಟ, ಕೆಲವರಲ್ಲಿ ಹುಡುಕಬೇಕು. ಈ ಎರಡರ ನಡುವೆ ನೆತ್ತಿಯ ಮೇಲಿಂದ ಪಟ್ಟಿ ಹಿಡಿದಾಗ 36 ಸೆಂಟಿಮೀಟರ್ ಬಂತೆನ್ನಿ. ನೇಸಿಯನ್‌ನಿಂದ ಶೇ. 10, ಅಂದರೆ 3.6 ಸೆಂ.ಮೀ. ಮೇಲೆ ಮೊದಲ ಗುರುತು. ಅಲ್ಲಿಂದ ಮುಂದೆ ಶೇ. 20ರಂತೆ, 7.2 ಸೆಂ.ಮೀ.ಗೊಂದು: 10.8, 18, 25.2, 32.4. ಕೊನೆಗೆ ಇನಿಯನ್‌ಗೆ ಮತ್ತೆ 3.6 ಉಳಿಯಬೇಕು. ಉಳಿಯದಿದ್ದರೆ ಪಟ್ಟಿ ಎಲ್ಲೋ ಜಾರಿದೆ, ಮೊದಲಿನಿಂದ ಅಳೆಯಬೇಕು. ಆಮೇಲೆ ಕಿವಿಯಿಂದ ಕಿವಿಗೆ. ಬಾಯಿ ತೆರೆದು ಮುಚ್ಚಿದರೆ ಕಿವಿಯ ಮುಂದೆ ಒಂದು ಕುಳಿ ಬೆರಳಿಗೆ ತಿಳಿಯುತ್ತದೆ, ಅಲ್ಲಿಂದ ಆಚೆ ಬದಿಯ ಕುಳಿಗೆ ಅಳತೆ. ಎರಡೂ ಗೆರೆ ಸಂಧಿಸುವ ನಡುನೆತ್ತಿಯ ಬಿಂದುವಿಗೆ ‘ಸಿ-ಜೆಡ್’ ಎಂದು ಹೆಸರು. ಕೊನೆಗೆ ತಲೆಯ ಸುತ್ತಳತೆ.

ಆಲ್ಫಾ ಹಿಡಿಯಲು ಬೇಕಾದ ಮುಖ್ಯ ಜಾಗಗಳು ಓ1 ಮತ್ತು ಓ2. ಬೆಸಸಂಖ್ಯೆ ಎಡಕ್ಕೆ, ಸಮಸಂಖ್ಯೆ ಬಲಕ್ಕೆ. ಹಿಂದಲೆಯ ನಡುಗೆರೆಯಿಂದ ಸುತ್ತಳತೆಯ ಶೇ. 5ರಷ್ಟು ಆಚೆಗೊಂದು ಈಚೆಗೊಂದು. ಸುತ್ತಳತೆ 54 ಸೆಂ.ಮೀ. ಇದ್ದರೆ ಅದು 2.7 ಸೆಂ.ಮೀ. ಕಣ್ಣು ಮುಖದ ಮುಂದಿದ್ದರೂ ನೋಟದ ಲೆಕ್ಕಾಚಾರ ನಡೆಯುವುದು ತಲೆಯ ಹಿಂಬದಿಯಲ್ಲಿ, ಆಕ್ಸಿಪಿಟಲ್ ಎಂಬ ಭಾಗದ ಹೊರಪದರದಲ್ಲಿ. ಅದರ ಮೇಲೆಯೇ ಈ ಎರಡು ಬಿಂದುಗಳು ಕೂರುತ್ತವೆ. ಎಡಬಲಗಳಲ್ಲಿ ಅರ್ಧ ಸೆಂಟಿಮೀಟರ್ ಹೆಚ್ಚುಕಡಿಮೆಯಾದರೂ ಒಂದು ಬದಿಯ ಅಲೆ ಸಣ್ಣದಾಗಿ ಕಂಡು, ಇಲ್ಲದ ಕಾಯಿಲೆಯ ಅನುಮಾನ ಹುಟ್ಟಬಹುದು. ಅಳತೆಪಟ್ಟಿಯಲ್ಲಿ ಇಷ್ಟು ಹೊತ್ತು ಕಳೆಯುವುದು ಅದಕ್ಕೇ.

ಗುರುತು ಹಾಕಿದ ಒಂದೊಂದು ಜಾಗದಲ್ಲೂ ಕೂದಲನ್ನು ಬೈತಲೆಯಂತೆ ಸೀಳಿ, ಹತ್ತಿಕಡ್ಡಿಗೆ ಮರಳುಮರಳಾದ ಜೆಲ್ ಹಚ್ಚಿ ಚರ್ಮವನ್ನು ಉಜ್ಜುತ್ತಾರೆ. ಸತ್ತ ಚರ್ಮದ ಪದರ, ಬೆವರು, ಎಣ್ಣೆ ಹೋಗಬೇಕು, ಗಾಯ ಮಾತ್ರ ಆಗಬಾರದು. ಆ ಹದ ಬೆರಳಿಗೇ ಗೊತ್ತಿರಬೇಕು. ಬಳಿಕ ಬೆಳ್ಳಿಯ ಪುಟ್ಟ ಬಟ್ಟಲಿನಂಥ ಎಲೆಕ್ಟ್ರೋಡಿಗೆ ವಿದ್ಯುತ್ ಹರಿಸುವ ಉಪ್ಪಿನಂಶದ ಪೇಸ್ಟನ್ನು ತುಂಬಿ, ಒತ್ತಿ, ಮೇಲೊಂದು ತುಂಡು ಗಾಜ್ ಬಟ್ಟೆ ಕೂರಿಸುತ್ತಾರೆ. ಹೀಗೆ ಕಿವಿಗಳದ್ದೂ ಸೇರಿ ಇಪ್ಪತ್ತೊಂದು, ಜೊತೆಗೆ ಒಂದು ಗ್ರೌಂಡ್. ಕೂತದ್ದು ಸರಿಯಿದೆಯೇ ಎಂದು ಯಂತ್ರವೇ ಒಂದು ಅಂಕಿಯಲ್ಲಿ ಹೇಳುತ್ತದೆ. ಇಂಪೀಡೆನ್ಸ್ ಎಂಬ ಈ ತಡೆ 5 ಕಿಲೋಓಮ್‌ಗಿಂತ ಕೆಳಗಿದ್ದರೆ ಒಳ್ಳೆಯದು. ಎಣ್ಣೆ ಉಳಿದ ತಲೆಯಲ್ಲಿ ಅದು ಹತ್ತಾರು ಕಿಲೋಓಮ್ ತೋರಿಸುತ್ತದೆ. ಆಗ ಆ ಬಟ್ಟಲನ್ನು ತೆಗೆದು, ಮತ್ತೆ ಉಜ್ಜಿ, ಮತ್ತೆ ಕೂರಿಸಬೇಕು.

ತಡೆ ಕಡಿಮೆಯಿದ್ದರಷ್ಟೇ ಸಾಲದು, ಎಲ್ಲ ಬಟ್ಟಲುಗಳಲ್ಲೂ ಹೆಚ್ಚುಕಡಿಮೆ ಒಂದೇ ಇರಬೇಕು. ಕಾರಣ ಸ್ವಾರಸ್ಯಕರ. ಗೋಡೆಯೊಳಗಿನ ವೈರಿಂಗ್ ಸೆಕೆಂಡಿಗೆ 50 ಸಲ ತುಯ್ಯುತ್ತ ನಮ್ಮ ಮೈಯನ್ನೇ ಆಂಟೆನಾ ಮಾಡಿಕೊಳ್ಳುತ್ತದೆ. ಆ ಗುಂಯ್ ಸದ್ದು ಆಲ್ಫಾವನ್ನು ಮುಳುಗಿಸಿಬಿಡಬಲ್ಲದು. ಆಂಪ್ಲಿಫೈಯರ್ ಒಂದು ಉಪಾಯ ಮಾಡುತ್ತದೆ. ಒಂದು ಎಲೆಕ್ಟ್ರೋಡಿನಿಂದ ಇನ್ನೊಂದನ್ನು ಕಳೆದು, ವ್ಯತ್ಯಾಸವನ್ನು ಮಾತ್ರ ಹಿಗ್ಗಿಸುತ್ತದೆ. ಗುಂಯ್ ಸದ್ದು ಎರಡಕ್ಕೂ ಸಮನಾಗಿ ಬಂದಿದ್ದರೆ ಕಳೆದಾಗ ಸೊನ್ನೆಯಾಗುತ್ತದೆ. ಮಿದುಳಿನ ಅಲೆ ಜಾಗದಿಂದ ಜಾಗಕ್ಕೆ ಬೇರೆಯಾದ್ದರಿಂದ ಉಳಿಯುತ್ತದೆ. ಒಂದು ಬಟ್ಟಲು ಸಡಿಲವಾಗಿ ಇನ್ನೊಂದು ಬಿಗಿಯಾಗಿದ್ದರೆ ಕಳೆಯುವ ಲೆಕ್ಕ ತಪ್ಪುತ್ತದೆ, ಪರದೆಯ ಮೇಲೆ ಆ ಗೆರೆ ದಪ್ಪ ಮಸಿಯಾಗಿ ಬರುತ್ತದೆ. ಅನುಭವಿ ತಂತ್ರಜ್ಞರು ಆಗ ಕಂಪ್ಯೂಟರಿನ ಫಿಲ್ಟರಿಗೆ ಕೈ ಹಾಕುವುದಿಲ್ಲ. ಎದ್ದು ಹೋಗಿ ಆ ಬಟ್ಟಲನ್ನು ಸರಿಪಡಿಸುತ್ತಾರೆ. ಫಿಲ್ಟರು ಕೊಳೆಯನ್ನು ಮುಚ್ಚುತ್ತದೆ, ತೊಳೆಯುವುದಿಲ್ಲ.

ದೀಪ ಮಂದ ಮಾಡಿ, “ಕಣ್ಣು ಮುಚ್ಚಿ, ಹಾಯಾಗಿರಿ” ಎನ್ನುತ್ತಾರೆ. ಪರದೆಯ ಒಂದು ಪುಟದಲ್ಲಿ ಸಾಮಾನ್ಯವಾಗಿ ಹತ್ತು ಸೆಕೆಂಡುಗಳ ದಾಖಲೆ ಇರುತ್ತದೆ. ಹಳೆಯ ಕಾಗದದ ಯಂತ್ರದಲ್ಲಿ ಸೆಕೆಂಡಿಗೆ 30 ಮಿ.ಮೀ. ಕಾಗದ ಓಡುತ್ತಿತ್ತು, 7 ಮೈಕ್ರೋವೋಲ್ಟಿಗೆ ಪೆನ್ನು 1 ಮಿ.ಮೀ. ಏಳುತ್ತಿತ್ತು. ಆ ಲೆಕ್ಕ ಇಂದಿನ ಪರದೆಗಳಲ್ಲೂ ಉಳಿದಿದೆ. ಮೊದಲು ಗೆರೆಗಳು ಗೊತ್ತುಗುರಿಯಿಲ್ಲದೆ ಅದುರುತ್ತಿರುತ್ತವೆ. ಕಣ್ಣು ಮುಚ್ಚಿದ ಒಂದು ಸೆಕೆಂಡಿನೊಳಗೆ ಓ1, ಓ2 ಗೆರೆಗಳಲ್ಲಿ ದುಂಡನೆಯ ಅಲೆಗಳು ಸಾಲುಗಟ್ಟುತ್ತವೆ. 35 ಮೈಕ್ರೋವೋಲ್ಟಿನ ಅಲೆಯಾದರೆ 5 ಮಿ.ಮೀ. ಎತ್ತರ, ಒಂದೊಂದೂ 3 ಮಿ.ಮೀ. ಅಗಲ. ಬೆಳೆದವರಲ್ಲಿ ಸೆಕೆಂಡಿಗೆ ಎಂಟರಿಂದ ಹದಿಮೂರು, ಬಹಳ ಮಂದಿಯಲ್ಲಿ ಹತ್ತರ ಆಸುಪಾಸು. ಎತ್ತರ ನಿಧಾನವಾಗಿ ಏರಿ, ಇಳಿದು, ಮತ್ತೆ ಏರುತ್ತ ಹೋಗುತ್ತದೆ. “ಕಣ್ಣು ಬಿಡಿ” ಎಂದರೆ ಸಾಲು ಕತ್ತರಿಸಿದಂತೆ ನಿಲ್ಲುತ್ತದೆ. “ಮುಚ್ಚಿ” ಎಂದರೆ ಮತ್ತೆ ಬರುತ್ತದೆ. ಎಷ್ಟು ಸಲ ಕಂಡವರಿಗೂ ಈ ಕ್ಷಣದಲ್ಲಿ ಪರದೆಯಿಂದ ಕಣ್ಣು ಕೀಳಲಾಗುವುದಿಲ್ಲ.

ನೋಡುವಾಗ ಮಿದುಳು ಹೆಚ್ಚು ಕೆಲಸ ಮಾಡುತ್ತದೆ. ಹಾಗಿದ್ದರೆ ಅಲೆ ದೊಡ್ಡದಾಗಬೇಕಲ್ಲವೇ, ಸಣ್ಣದಾಗುವುದೇಕೆ? ಒಂದು ಎಲೆಕ್ಟ್ರೋಡಿನ ಕೆಳಗೆ ಲಕ್ಷಾಂತರ ನರಕೋಶಗಳಿವೆ. ಒಂದೊಂದರ ಸದ್ದು ಬುರುಡೆ ದಾಟಿ ಬರುವಷ್ಟಿಲ್ಲ. ಹಬ್ಬದಲ್ಲಿ ಕೋಲಾಟದವರೆಲ್ಲ ಒಂದೇ ತಾಳಕ್ಕೆ ಕೋಲು ತಾಗಿಸಿದರೆ ಆ ಪೆಟ್ಟು ಊರಾಚೆಯ ಗದ್ದೆಗೂ ಕೇಳುತ್ತದೆ, ಅದೇ ಜನ ಜೋಡಿಜೋಡಿಯಾಗಿ ಬೇರೆ ಬೇರೆ ವರಸೆ ಹಿಡಿದರೆ ದೂರಕ್ಕೆ ಬರೀ ಗುಜುಗುಜು. ಆದರೆ ಅಲ್ಲಿ ಯಾರೂ ಸುಮ್ಮನೆ ನಿಂತಿಲ್ಲ. ಕಣ್ಣು ಮುಚ್ಚಿದಾಗ ನೋಟದ ಭಾಗದ ಕೋಶಗಳು, ಮಿದುಳಿನ ನಡುವಿನ ಥಲಾಮಸ್ ಜೊತೆ ಸೇರಿ, ಒಂದೇ ಲಯದಲ್ಲಿ ಏರಿಳಿಯುತ್ತವೆ. ಬೆಳಕು, ಬಣ್ಣ, ಅಂಚು ಒಳಬಂದೊಡನೆ ಒಂದೊಂದು ಗುಂಪು ತನ್ನ ಕೆಲಸಕ್ಕೆ ತಿರುಗುತ್ತದೆ, ಒಟ್ಟು ಲಯ ಒಡೆಯುತ್ತದೆ. ಇಲ್ಲಿ ಅಳೆಯುತ್ತಿರುವುದು ಒಂದು ಇಲ್ಲವಾಗುವಿಕೆಯನ್ನು. ಈ ಇಡೀ ವಿದ್ಯೆಯ ಕಷ್ಟವೂ ಸೊಗಸೂ ಅದರಲ್ಲೇ ಇದೆ. ಆಲ್ಫಾ ಎಂದರೆ ಬರೀ ವಿರಾಮ ಎಂದು ಮೊದಲು ತಿಳಿದಿದ್ದರು. ಈಚಿನ ದಶಕಗಳ ಸಂಶೋಧಕರು, ಬೇಡದ ನೋಟವನ್ನು ತಡೆಹಿಡಿಯಲು ಮಿದುಳು ಬಳಸುವ ಲಯವೂ ಇದೇ ಎನ್ನುತ್ತಾರೆ. ತಲೆ ತಿರುಗಿಸದೆ ಎಡಗಡೆಗೆ ಗಮನ ಕೊಟ್ಟರೆ, ಎಡನೋಟವನ್ನು ನೋಡಿಕೊಳ್ಳುವ ಬಲ ಹಿಂದಲೆಯಲ್ಲಿ ಆಲ್ಫಾ ತಗ್ಗುತ್ತದೆ, ಮತ್ತೊಂದು ಬದಿಯಲ್ಲಿ ಹೆಚ್ಚಿರುತ್ತದೆ. ಕಣ್ಣು ಮುಚ್ಚಿಕೊಂಡೇ ಹದಿನೇಳರ ಮಗ್ಗಿ ಒಪ್ಪಿಸಲು ಹೇಳಿದರೂ ಅದು ಸ್ವಲ್ಪ ಕುಗ್ಗಬಹುದು.

ಇಲ್ಲವಾಗುವಿಕೆಯನ್ನು ಅಳೆಯುವವರಿಗೆ ಕಾದಿರುವ ದೊಡ್ಡ ಮೋಸ ನಿದ್ದೆ. ರಾತ್ರಿ ಸರಿಯಾಗಿ ಮಲಗದೆ, ಕೋಳಿ ಕೂಗುವ ಹೊತ್ತಿಗೆ ಎದ್ದು, ಬಸ್ಸು ರೈಲು ಹಿಡಿದು ಬಂದವರು ಮಂದ ಬೆಳಕಿನ ಕೋಣೆಯಲ್ಲಿ ಕಣ್ಣು ಮುಚ್ಚಿದರೆ ತೂಕಡಿಕೆ ಬರುವುದು ಸಹಜ. (ಮೂರ್ಛೆಯ ಪರೀಕ್ಷೆಯಲ್ಲಿ ಕೆಲವೊಮ್ಮೆ ನಿದ್ದೆಗೆಟ್ಟೇ ಬನ್ನಿ ಎಂದು ವೈದ್ಯರೇ ಹೇಳಿರುತ್ತಾರೆ, ಆ ಮಾತು ಬೇರೆ.) ತೂಕಡಿಕೆಯಲ್ಲೂ ಆಲ್ಫಾ ಕರಗುತ್ತದೆ, ಅದರ ಜಾಗದಲ್ಲಿ ನಿಧಾನಗತಿಯ ಥೀಟಾ ಅಲೆಗಳು ಬರುತ್ತವೆ. ಅಂದರೆ ಪೂರ್ತಿ ಎಚ್ಚತ್ತು ನೋಡುವವರಲ್ಲೂ ನಿದ್ದೆಗೆ ಜಾರುವವರಲ್ಲೂ ಆಲ್ಫಾ ಇಲ್ಲ. ಎರಡನ್ನೂ ಬೇರ್ಪಡಿಸಲು ತಂತ್ರಜ್ಞರು ಮೆಲ್ಲಗೆ ಹೆಸರು ಕರೆಯುತ್ತಾರೆ, ಇಲ್ಲವೇ ಚಪ್ಪಾಳೆ ತಟ್ಟುತ್ತಾರೆ. ತೂಕಡಿಸುತ್ತಿದ್ದವರಲ್ಲಿ ಆಲ್ಫಾ ತಟ್ಟನೆ ಮರಳಿ ಬರುತ್ತದೆ. ಎಚ್ಚರದವರಲ್ಲಿ ಇದ್ದ ಅಲೆಯೂ ಕುಗ್ಗುತ್ತದೆ. ಒಂದೇ ಸದ್ದು, ಎದುರುಬದುರು ಫಲ.

ಕಣ್ಣಿನದು ಇನ್ನೊಂದು ಕಾಟ. ಕಣ್ಣುಗುಡ್ಡೆಯೇ ಒಂದು ಪುಟ್ಟ ಬ್ಯಾಟರಿ, ಮುಂಭಾಗ ಧನ, ಹಿಂಭಾಗ ಋಣ. ರೆಪ್ಪೆ ಮುಚ್ಚುವಾಗ ಗುಡ್ಡೆ ತುಸು ಮೇಲಕ್ಕೆ ಹೊರಳುತ್ತದೆ, ಹಣೆಯ ಮೇಲಿನ ಎಲೆಕ್ಟ್ರೋಡುಗಳಲ್ಲಿ ಮಿದುಳಿನ ಅಲೆಗಿಂತ ಹಲವು ಪಟ್ಟು ದೊಡ್ಡ ಗುಂಡಿ ಬೀಳುತ್ತದೆ. ಹಲ್ಲು ಕಚ್ಚಿದರೆ ಕಣತಲೆಯ ಬಳಿ ಗೆರೆ ಕಪ್ಪಾಗುತ್ತದೆ. ಸೆಖೆಯಲ್ಲಿ ಬೆವರಿದರೆ ಗೆರೆಗಳೆಲ್ಲ ನಿಧಾನವಾಗಿ ತೇಲಾಡುತ್ತವೆ. ಇವೆಲ್ಲ ಮಿದುಳಿನವಲ್ಲ ಎಂದು ಗುರುತಿಸುವುದನ್ನು ಪುಸ್ತಕ ಕಲಿಸುವುದು ಸ್ವಲ್ಪ, ಸಾವಿರಾರು ಪುಟ ನೋಡಿದ ಕಣ್ಣು ಕಲಿಸುವುದು ಹೆಚ್ಚು.

ಆಸ್ಪತ್ರೆಯ ಪರೀಕ್ಷೆಯಲ್ಲಿ ಕಣ್ಣಿಗೆ ಒಡ್ಡುವ ಪ್ರಚೋದನೆ ಮಿಣುಕು ದೀಪ. ಮುಖದಿಂದ ಸುಮಾರು 30 ಸೆಂ.ಮೀ. ದೂರದಲ್ಲಿ ಸ್ಟ್ರೋಬ್ ಇಟ್ಟು, ಸೆಕೆಂಡಿಗೆ ಒಂದರಿಂದ ಮೊದಲುಗೊಂಡು ಮೂವತ್ತರವರೆಗೆ ಬೇರೆ ಬೇರೆ ವೇಗದಲ್ಲಿ, ನಡುವೆ ಬಿಡುವು ಕೊಡುತ್ತ, ಹತ್ತು ಹತ್ತು ಸೆಕೆಂಡು ಮಿಣುಕಿಸುತ್ತಾರೆ. ಮುಚ್ಚಿದ ರೆಪ್ಪೆಯೂ ಈ ಬೆಳಕನ್ನು ಪೂರ್ತಿ ತಡೆಯಲಾರದು. ಸೆಕೆಂಡಿಗೆ ಹತ್ತು ಮಿಣುಕು ಕೊಟ್ಟರೆ ಹಲವರ ಹಿಂದಲೆಯಲ್ಲಿ ಸೆಕೆಂಡಿಗೆ ಹತ್ತೇ ಅಲೆಗಳು, ದೀಪದ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಏಳುತ್ತವೆ. ಕೆಲವರಲ್ಲಿ, ಅದರಲ್ಲೂ ಮಕ್ಕಳು ಹದಿಹರೆಯದವರಲ್ಲಿ, ಮಿಣುಕು ಬೆಳಕು ಮೂರ್ಛೆಯನ್ನೇ ಕೆರಳಿಸಬಹುದು. ಆದ್ದರಿಂದ ತಂತ್ರಜ್ಞರ ಒಂದು ಕಣ್ಣು ಗೆರೆಯ ಮೇಲೆ, ಒಂದು ಕಣ್ಣು ರೋಗಿಯ ಮೇಲೆ, ಬೆರಳು ಸ್ವಿಚ್ಚಿನ ಮೇಲೆ. ಮೊನಚು ಅಲೆಗಳ ಗೊಂಚಲು ಕಂಡರೆ ದೀಪ ಆ ಕ್ಷಣವೇ ಆರಬೇಕು.

ಪ್ರಯೋಗಾಲಯದ ಕೆಲಸ ಇದಕ್ಕಿಂತ ನವಿರು. ಕುಳಿತವರ ಎದುರು ಒಂದು ಪರದೆ, ನಡುವೆ ಕಣ್ಣು ನೆಡಲು ಒಂದು ಚುಕ್ಕೆ. ಬೂದು ಹಿನ್ನೆಲೆಯಲ್ಲಿ ಕಪ್ಪುಬಿಳಿ ಪಟ್ಟೆಗಳು ಅರೆಗಳಿಗೆ ಮೂಡಿ ಮಾಯವಾಗುತ್ತವೆ, ನೂರಾರು ಸಲ. ಪಟ್ಟೆ ಮೂಡಿದ ಗಳಿಗೆ ಇಇಜಿಯಲ್ಲಿ ಕರಾರುವಾಕ್ಕಾಗಿ ದಾಖಲಾಗಬೇಕು. ಸಾಧಾರಣ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ, ಒಂದು ಬದಲಾವಣೆಗೆ ಸುಮಾರು 17 ಮಿಲಿಸೆಕೆಂಡು. ಅಷ್ಟು ಹಿಂದುಮುಂದಾದರೂ ಲೆಕ್ಕ ಕೆಡುತ್ತದೆ. ಅದಕ್ಕಾಗಿ ಪರದೆಯ ಮೂಲೆಗೆ ಬೆಳಕು ಗ್ರಹಿಸುವ ಪುಟ್ಟ ಫೋಟೋಡಯೋಡ್ ಅಂಟಿಸಿ, ಕಂಪ್ಯೂಟರಿನ ಮಾತಿಗೂ ಪರದೆಯ ನಡತೆಗೂ ತಾಳೆ ಹಾಕುತ್ತಾರೆ.

ನೂರು ಸಲದ ದಾಖಲೆಯನ್ನು ಒಂದರ ಮೇಲೊಂದಿಟ್ಟು ಸರಾಸರಿ ತೆಗೆದರೆ ಗದ್ದಲ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆಗ, ಚಿತ್ರ ಮೂಡಿದ ಸುಮಾರು 100 ಮಿಲಿಸೆಕೆಂಡಿಗೆ ಹಿಂದಲೆಯಲ್ಲಿ ಏಳುವ ಒಂದು ಉಬ್ಬು ನಿಚ್ಚಳವಾಗಿ ಕಾಣುತ್ತದೆ. ಪ್ರತಿಸಲವೂ ಅದು ಅದೇ ಗಳಿಗೆಗೆ ಏಳುವುದರಿಂದ ಉಳಿಯಿತು. ಆಲ್ಫಾ ಹಾಗಲ್ಲ. ಒಂದು ಸಲ ಚಿತ್ರ ಮೂಡಿದಾಗ ಅದು ಏರಿನಲ್ಲಿರುತ್ತದೆ, ಇನ್ನೊಂದು ಸಲ ಇಳಿತದಲ್ಲಿ. ನೇರವಾಗಿ ಸರಾಸರಿ ತೆಗೆದರೆ ಏರು ಇಳಿತಗಳು ಒಂದನ್ನೊಂದು ತಿಂದುಹಾಕಿ, ಇದ್ದ ಆಲ್ಫಾವೂ ಇಲ್ಲದಂತಾಗುತ್ತದೆ. ಹೊಸದಾಗಿ ಕಲಿಯುವವರು ಎಡವುವುದು ಇಲ್ಲೇ. ಆಸ್ಟ್ರಿಯಾದ ಗ್ರಾಜ್‌ನ ಗೆರ್ಟ್ ಫುರ್ಟ್‌ಶೆಲರ್ 1970ರ ದಶಕದಲ್ಲಿ ಇದಕ್ಕೊಂದು ದಾರಿ ಹಾಕಿಕೊಟ್ಟರು. ಮೊದಲು ಪ್ರತಿ ದಾಖಲೆಯಿಂದ ಆಲ್ಫಾ ವೇಗದ ಅಲೆಗಳನ್ನಷ್ಟೇ ಸೋಸಿ ತೆಗೆ, ಅವನ್ನು ವರ್ಗ ಮಾಡು. ವರ್ಗ ಮಾಡಿದರೆ ಇಳಿತವೂ ಧನವಾಗುತ್ತದೆ, ಉಳಿಯುವುದು ಅಲೆಯ ಶಕ್ತಿ ಮಾತ್ರ. ಆಮೇಲೆ ಸರಾಸರಿ. ಚಿತ್ರ ಮೂಡುವ ಮುಂಚಿನ ಶಕ್ತಿಯನ್ನು ನೂರು ಎಂದಿಟ್ಟುಕೊಂಡು, ಮೂಡಿದ ಬಳಿಕ ನಲವತ್ತಕ್ಕೆ ಇಳಿದರೆ ಶೇ. 60 ಕುಸಿತ ಎಂದು ಬರೆಯುತ್ತಾರೆ.

ಆ ‘ಮುಂಚಿನ’ ಎಂಬುದೂ ಸರಳವಲ್ಲ. ಚಿತ್ರಗಳು ಗಡಿಯಾರದಂತೆ ಸಮ ಅಂತರದಲ್ಲಿ ಬಂದರೆ ಮಿದುಳು ಮುಂದಿನದನ್ನು ಕಾಯತೊಡಗುತ್ತದೆ, ಚಿತ್ರ ಬರುವ ಮೊದಲೇ ಆಲ್ಫಾ ತಗ್ಗಿರುತ್ತದೆ. ಕುಸಿತ ಆಗ ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ. ಅಂತರವನ್ನು ಬೇಕೆಂದೇ ಹೆಚ್ಚುಕಡಿಮೆ ಮಾಡುವುದು, ಆಲ್ಫಾ ಮರಳಿ ಮೇಲೇರಲು ಸಾಕಷ್ಟು ಸಮಯ ಬಿಡುವುದು ಇದಕ್ಕೆ ಮದ್ದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಪ್ರತಿಮ್ ರೇ ಅವರ ತಂಡ ಇಂಥ ಪಟ್ಟೆಗಳನ್ನು ಪರದೆ ತುಂಬ ತೋರಿಸಿ, ಐವತ್ತು ದಾಟಿದವರ ಇಇಜಿಯನ್ನು ವಿಸ್ತಾರವಾಗಿ ದಾಖಲಿಸಿದೆ. ಹಿಂದಲೆಯಲ್ಲಿ ಆಲ್ಫಾ ಬೀಳುವ ಹೊತ್ತಿಗೇ ಅದಕ್ಕಿಂತ ವೇಗದ ಗಾಮಾ ಅಲೆಗಳು ಏಳುತ್ತವೆ, ವಯಸ್ಸಾದಂತೆ ಆ ಗಾಮಾ ಕುಗ್ಗುತ್ತದೆ, ಮರೆವಿನ ಕಾಯಿಲೆಯ ಮೊದಲ ಹಂತದಲ್ಲಿರುವವರಲ್ಲಿ ಓರಗೆಯವರಿಗಿಂತ ಇನ್ನೂ ದುರ್ಬಲ ಎಂದು ಅವರು ವರದಿ ಮಾಡಿದ್ದಾರೆ. ದೆಹಲಿಯ ಏಮ್ಸ್‌ನಲ್ಲಿ 1961ರಷ್ಟು ಹಿಂದೆಯೇ ಬಿ. ಕೆ. ಆನಂದ್ ಮತ್ತು ಸಂಗಡಿಗರು ಯೋಗಿಗಳ ತಲೆಗೆ ಎಲೆಕ್ಟ್ರೋಡ್ ಇಟ್ಟು, ಧ್ಯಾನದಲ್ಲಿದ್ದಾಗ ಬಲವಾದ ಬೆಳಕು, ಸದ್ದು, ಬಿಸಿಗಾಜಿನ ಸ್ಪರ್ಶ ಯಾವುದಕ್ಕೂ ಆಲ್ಫಾ ಕದಲಲಿಲ್ಲ, ಧ್ಯಾನದಿಂದ ಎದ್ದ ಮೇಲೆ ಎಲ್ಲರಂತೆ ಕದಲಿತು ಎಂದು ಬರೆದರು. ಪರೀಕ್ಷೆಗೊಳಗಾದವರು ಬೆರಳೆಣಿಕೆಯಷ್ಟು ಮಂದಿ. ಅದರ ಮೇಲೆ ದೊಡ್ಡ ಮಾತು ಕಟ್ಟಿದವರು ಮಾತ್ರ ಬಹಳ.

ಮಂಡ್ಯದ ರೋಗಿಗೆ ಬೇಕಾದದ್ದು ಇಷ್ಟೆಲ್ಲ ಅಲ್ಲ. ಸುಮಾರು ಅರ್ಧ ಗಂಟೆಯ ದಾಖಲೆ ಮುಗಿದ ಮೇಲೆ ಅದನ್ನು ಓದುವ ನರತಜ್ಞರು ಮೊದಲು ನೋಡುವುದು ವಯಸ್ಸನ್ನು. ಮೂರು ವರ್ಷದ ಮಗುವಿಗೆ ಹಿಂದಲೆಯ ಲಯ ಸೆಕೆಂಡಿಗೆ ಎಂಟು ಇದ್ದರೆ ಚೆನ್ನಾಗಿದೆ. ಬೆಳೆದವರು ಪೂರ್ತಿ ಎಚ್ಚರವಿದ್ದಾಗಲೂ ಏಳರಲ್ಲೇ ನಿಂತಿದ್ದರೆ ಯೋಚಿಸಬೇಕು. ಎಡಬಲಗಳಲ್ಲಿ ಬಲದ ಅಲೆ ಸ್ವಲ್ಪ ಎತ್ತರವಿರುವುದು ಸಹಜ, ಒಂದು ಬದಿ ಇನ್ನೊಂದರ ಅರ್ಧಕ್ಕೂ ಇಳಿದರೆ ಸಹಜವಲ್ಲ. ಮೂರ್ಛೆ ಇರುವವರಲ್ಲೂ ಒಂದು ಸಲದ ಇಇಜಿ ಪೂರ್ತಿ ಸರಿಯಾಗಿಯೇ ಬರಬಹುದು, ಹಾಗಾಗಿ ಗೆರೆ ಚೆನ್ನಾಗಿದೆ ಎಂದು ಮಾತ್ರೆ ನಿಲ್ಲಿಸುವಂತಿಲ್ಲ. ಓದುವವರು ದಾಖಲೆಯ ಹೊತ್ತಿನಲ್ಲಿ ಆ ಕೋಣೆಯಲ್ಲಿ ಇರಲಿಲ್ಲ. ಎಷ್ಟೋ ಸಲ ಆ ಊರಲ್ಲೇ ಇರುವುದಿಲ್ಲ. ಗೆರೆಗಳ ನಡುವೆ ತಂತ್ರಜ್ಞರು ಆಯಾ ಸೆಕೆಂಡಿಗೆ ಒತ್ತಿದ ಗುರುತುಗಳೇ ಅವರಿಗೆ ಆಧಾರ: ಕಣ್ಣು ಬಿಟ್ಟರು, ಮುಚ್ಚಿದರು, ಕೆಮ್ಮಿದರು, ತೂಕಡಿಸಿದರು, ಹೆಸರು ಕರೆದೆವು. ಒಂದು ಗುರುತು ತಪ್ಪಿದರೂ ಆಲ್ಫಾ ಯಾಕೆ ಅಡಗಿತೆಂದು ಹೇಳಲು ಬರುವುದಿಲ್ಲ. ಎಲ್ಲ ಸರಿಯಿದ್ದಾಗ ವರದಿಯಲ್ಲಿ ಆಲ್ಫಾಕ್ಕೆ ಸಿಗುವುದು ಒಂದೇ ಸಾಲು: ಹಿಂದಲೆಯ ಲಯ ಒಂಬತ್ತರಿಂದ ಹತ್ತು ಹರ್ಟ್ಜ್, ಎರಡೂ ಬದಿ ಸಮ, ಕಣ್ಣು ಬಿಟ್ಟಾಗ ತಗ್ಗುತ್ತದೆ.